ಮಲಗಿದಾಗ ಉಸಿರು ಕಟ್ಟುವ ಕಾಯಿಲೆ: ಮಾನಸಿಕ ಅಸ್ವಸ್ಥರನ್ನು ನೋಡಿಕೊಳ್ಳುವ ಮನೆಯವರಿಗೆ ಒಂದು ಪಾಠ



ಯಾರಾದರೂ ಜೋರಾಗಿ ಗೊರಕೆ ಹೊಡೆದರೆ ನಮ್ಮ ಕಡೆ "ಒಳ್ಳೆ ನಿದ್ದೆ ಹತ್ತಿದೆ, ಎಬ್ಬಿಸಬೇಡಿ" ಅನ್ನುತ್ತಾರೆ. ಮನೆಯಲ್ಲಿ ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರಿದ್ದರಂತೂ ಆ ಗೊರಕೆ ಕೇಳಿ ಹೆತ್ತವ್ವನಿಗೆ ಎಷ್ಟೋ ಸಮಾಧಾನ. ಕಾಯಿಲೆ ಜೋರಾಗಿದ್ದಾಗ ರಾತ್ರಿಯೆಲ್ಲ ಓಡಾಡಿ, ಒಬ್ಬನೇ ಮಾತಾಡಿ, ಬಾಗಿಲು ತೆಗೆದುಕೊಂಡು ಹೋಗಿಬಿಡುತ್ತಿದ್ದ ಮಗ ಈಗ ಮಲಗಿದ್ದಾನಲ್ಲ, ಅಷ್ಟೇ ಸಾಕು ಅನ್ನಿಸುತ್ತದೆ. ಹಾಗೆ ಅನ್ನಿಸುವುದು ಸಹಜ. ಆದರೆ ಆ ಗೊರಕೆಯನ್ನು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಬೇಕು. ಗೊರ್ ಗೊರ್ ಎನ್ನುತ್ತಿದ್ದ ಸದ್ದು ಥಟ್ಟನೆ ನಿಂತು, ಹತ್ತು ಹದಿನೈದು ಎಣಿಸುವಷ್ಟು ಹೊತ್ತು ಸದ್ದೇ ಇಲ್ಲದೆ, ಆಮೇಲೆ ನೀರಲ್ಲಿ ಮುಳುಗಿದವನು ಮೇಲೆ ಬಂದ ಹಾಗೆ ಭುಸ್ ಎಂದು ಉಸಿರು ಎಳೆದುಕೊಂಡರೆ ಅದು ಸುಖನಿದ್ದೆಯ ಲಕ್ಷಣ ಅಲ್ಲ. ಅದಕ್ಕೆ ವೈದ್ಯರು ಸ್ಲೀಪ್ ಆಪ್ನಿಯಾ ಅನ್ನುತ್ತಾರೆ. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಎಂದು ನಾವು ಕರೆಯೋಣ.

ಈ ಕಾಯಿಲೆ ಯಾರಿಗೆ ಬೇಕಾದರೂ ಬರಬಹುದು. ಈ ಪಾಠದಲ್ಲಿ ಮಾನಸಿಕ ಕಾಯಿಲೆ ಇರುವವರ ವಿಷಯವನ್ನೇ ತೆಗೆದುಕೊಂಡದ್ದಕ್ಕೆ ಕಾರಣವಿದೆ. ಅವರಲ್ಲಿ ಇದು ಹೆಚ್ಚು, ಮತ್ತು ಅವರಲ್ಲಿ ಇದನ್ನು ಗುರುತಿಸುವುದು ಕಡಿಮೆ. "ಮಾತ್ರೆ ನುಂಗ್ತಾನೆ, ಅದಕ್ಕೇ ತೂಗಡಿಸ್ತಾನೆ" ಎಂದು ಮನೆಯವರು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ವೈದ್ಯರೂ ಹಾಗೇ ಅಂದುಕೊಳ್ಳುತ್ತಾರೆ. ಹೀಗೆ ವರ್ಷಗಟ್ಟಲೆ ಕಳೆದುಹೋಗುತ್ತದೆ.

ಉಸಿರು ಕಟ್ಟುವುದು ಹೇಗೆ?

ಬಾವಿಯಿಂದ ಮೋಟಾರು ನೀರು ಎಳೆಯುವ ಕಡೆಗೆ ನಾವು ಗಟ್ಟಿ ಪೈಪನ್ನೇ ಹಾಕುತ್ತೇವೆ. ಮೆತ್ತನೆ ಪೈಪು ಹಾಕಿದರೆ ಎಳೆತಕ್ಕೆ ಚಪ್ಪಟೆಯಾಗಿ ಒಳಕ್ಕೆ ಅಂಟಿಕೊಳ್ಳುತ್ತದೆ, ನೀರು ಬರುವುದಿಲ್ಲ. ನಮ್ಮ ಗಂಟಲು ಒಂದು ಮೆತ್ತನೆ ಪೈಪು. ಎಚ್ಚರ ಇರುವಾಗ ಅದರ ಸುತ್ತಲ ಮಾಂಸಖಂಡಗಳು ಬಿಗಿಯಾಗಿದ್ದು ದಾರಿಯನ್ನು ತೆರೆದಿಟ್ಟಿರುತ್ತವೆ. ನಿದ್ದೆ ಹತ್ತಿದಾಗ ಅವು ಸಡಿಲವಾಗುತ್ತವೆ, ಅಂಗಾತ ಮಲಗಿದ್ದರೆ ನಾಲಿಗೆಯ ಬುಡ ಹಿಂದಕ್ಕೆ ಜಾರುತ್ತದೆ. ಕತ್ತಿನ ಸುತ್ತ ಕೊಬ್ಬು ಸೇರಿದ್ದರೆ ದಾರಿ ಇನ್ನೂ ಕಿರಿದು. ಕಿರಿದಾದ ದಾರಿಯಲ್ಲಿ ಗಾಳಿ ಹೋಗುವಾಗ ಬರುವ ಸದ್ದೇ ಗೊರಕೆ. ದಾರಿ ಪೂರ್ತಿ ಮುಚ್ಚಿದರೆ ಸದ್ದೂ ಇಲ್ಲ, ಉಸಿರೂ ಇಲ್ಲ. ಎದೆ ಹೊಟ್ಟೆ ಮಾತ್ರ ಎದ್ದು ಬಿದ್ದು ಒದ್ದಾಡುತ್ತಿರುತ್ತವೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಗಾಬರಿಯಾಗಿ ಒಂದು ಕ್ಷಣ ಎಚ್ಚರ ಮಾಡಿಸುತ್ತದೆ, ಗಂಟಲು ಬಿಗಿಯಾಗಿ ಉಸಿರು ಬರುತ್ತದೆ, ಮತ್ತೆ ನಿದ್ದೆ, ಮತ್ತೆ ಕಟ್ಟುವುದು. ಬೆಳಿಗ್ಗೆ ಎದ್ದವನಿಗೆ ಇದೊಂದೂ ನೆನಪಿರುವುದಿಲ್ಲ.

ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಉಸಿರು ನಿಂತರೆ ಅಥವಾ ತುಂಬಾ ಕಡಿಮೆಯಾದರೆ ಅದನ್ನು ಒಂದು ಸಲ ಎಂದು ಲೆಕ್ಕ ಹಿಡಿಯುತ್ತಾರೆ. ಗಂಟೆಗೆ 5ಕ್ಕಿಂತ ಕಡಿಮೆ ಸಲವಾದರೆ ಚಿಂತೆಯಿಲ್ಲ. 5ರಿಂದ 15ರವರೆಗೆ ಸೌಮ್ಯ, 15ರಿಂದ 30ರವರೆಗೆ ಮಧ್ಯಮ, 30 ದಾಟಿದರೆ ತೀವ್ರ. ಗಂಟೆಗೆ ಮೂವತ್ತು ಸಲ ಅಂದರೆ ಏಳು ಗಂಟೆಯ ನಿದ್ದೆಯಲ್ಲಿ ಇನ್ನೂರ ಹತ್ತು ಸಲ. ನಮ್ಮನ್ನು ಯಾರಾದರೂ ಒಂದೇ ರಾತ್ರಿಯಲ್ಲಿ ಇನ್ನೂರು ಸಲ ಭುಜ ಹಿಡಿದು ಅಲುಗಾಡಿಸಿ ಎಬ್ಬಿಸಿದರೆ ಮಾರನೇ ದಿನ ಹೇಗಿರುತ್ತೇವೆ? ಇವರು ದಿನಾ ಹಾಗೆ ಇರುತ್ತಾರೆ. ಮೇಲಿಂದ ರಕ್ತದೊತ್ತಡ ಏರುತ್ತದೆ, ಹೃದಯಕ್ಕೆ ಭಾರ ಬೀಳುತ್ತದೆ, ಸಕ್ಕರೆ ಕಾಯಿಲೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ.

ಮಾನಸಿಕ ಕಾಯಿಲೆ ಇರುವವರಿಗೇ ಯಾಕೆ ಹೆಚ್ಚು?

ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಒಂದು ಲೆಕ್ಕ ಪ್ರಕಟವಾಯಿತು. ತೀವ್ರ ಮಾನಸಿಕ ಕಾಯಿಲೆ ಇರುವವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಈ ಉಸಿರುಕಟ್ಟು ಕಂಡುಬಂದಿತ್ತು. ಖಿನ್ನತೆ ಇರುವವರಲ್ಲಿ ನೂರಕ್ಕೆ 36, ಬೈಪೋಲಾರ್ ಕಾಯಿಲೆಯವರಲ್ಲಿ ನೂರಕ್ಕೆ 24ರಷ್ಟು, ಸ್ಕಿಜೋಫ್ರೇನಿಯಾ ಇರುವವರಲ್ಲಿ ನೂರಕ್ಕೆ 15ರಷ್ಟು. ಈ ಅಂಕಿಗಳು ನಮ್ಮ ತಾಲ್ಲೂಕಿನವಲ್ಲ. ಆದರೂ ಇಪ್ಪತ್ತು ಮನೆಯವರು ಸೇರುವ ಒಂದು ಪಾಲಕರ ಸಭೆಯಲ್ಲಿ ನಾಲ್ಕೈದು ಮನೆಯಲ್ಲಿ ಈ ತೊಂದರೆ ಇರಬಹುದು ಎಂದು ಯೋಚಿಸಲು ಇಷ್ಟು ಸಾಕು.

ಮೊದಲ ಕಾರಣ ತೂಕ. ಓಲಾಂಜಪೈನ್, ಕ್ಲೋಜಪೈನ್, ಸೋಡಿಯಂ ವಾಲ್‌ಪ್ರೊಯೇಟ್ ಮುಂತಾದ ಮಾತ್ರೆಗಳು ತುಂಬಾ ಜನರಿಗೆ ಒಳ್ಳೆಯದು ಮಾಡಿವೆ, ಅದರ ಜೊತೆಗೆ ಹಸಿವನ್ನೂ ಹೆಚ್ಚಿಸುತ್ತವೆ. ಚಿಕಿತ್ಸೆ ಶುರುವಾದ ಒಂದೆರಡು ವರ್ಷದಲ್ಲಿ ಹಳೇ ಶರ್ಟಿನ ಗುಂಡಿ ಹಾಕಲಾಗದಷ್ಟು ದಪ್ಪ ಆದವರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಹೊಟ್ಟೆ ಮಾತ್ರವಲ್ಲ, ಕತ್ತೂ ದಪ್ಪವಾಗುತ್ತದೆ. ಎರಡನೆಯದು ನಿದ್ದೆ ಬರಿಸುವ ಮಾತ್ರೆಗಳು. ಡಯಾಜೆಪಾಮ್, ನೈಟ್ರಜೆಪಾಮ್, ಲೊರಾಜೆಪಾಮ್, ಆಲ್‌ಪ್ರಜೋಲಾಮ್ ಇವು ಮಾಂಸಖಂಡಗಳನ್ನು ಇನ್ನಷ್ಟು ಸಡಿಲಗೊಳಿಸುತ್ತವೆ, ಉಸಿರು ಕಟ್ಟಿದಾಗ ಮಿದುಳು ಎಚ್ಚರಗೊಳ್ಳುವುದನ್ನೂ ತಡ ಮಾಡುತ್ತವೆ. ಹೆಂಡ ಸಾರಾಯಿ ಮಾಡುವುದೂ ಇದನ್ನೇ. ಎರಡೂ ಸೇರಿದರೆ ಅಪಾಯ ಬಹಳ. ಮೂರನೆಯದು ಹೆಚ್ಚು ಜನಕ್ಕೆ ತಿಳಿಯದ್ದು: ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಕೆಲವರಲ್ಲಿ ಥೈರಾಯ್ಡ್ ಗ್ರಂಥಿಯನ್ನು ಮಂದ ಮಾಡುತ್ತದೆ. ಥೈರಾಯ್ಡ್ ಮಂದವಾದರೆ ಮೈ ಊದುತ್ತದೆ, ಉಸಿರುಕಟ್ಟೂ ಬರಬಹುದು. ಆದ್ದರಿಂದ ಲಿಥಿಯಂ ತೆಗೆದುಕೊಳ್ಳುವವರು ವೈದ್ಯರು ಹೇಳಿದ ಸಮಯಕ್ಕೆ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಲೇಬೇಕು. ಉಳಿದಂತೆ ಬೀಡಿ ಸಿಗರೇಟು, ಮೂಗು ಕಟ್ಟುವುದು, ದೊಡ್ಡ ಟಾನ್ಸಿಲ್, ಚಿಕ್ಕ ಗಲ್ಲ ಇವೆಲ್ಲ ಎಲ್ಲರಿಗೂ ಇರುವ ಕಾರಣಗಳೇ.

ಎರಡು ಕಾಯಿಲೆ, ಮುಖ ಒಂದೇ

ಟಿ. ನರಸೀಪುರ ತಾಲ್ಲೂಕಿನ ಯಾವುದೋ ಒಂದು ಊರಿನ ಮನೆ ಎಂದುಕೊಳ್ಳೋಣ. ಮೂವತ್ತೈದು ವರ್ಷದ ಮಗ. ಸ್ಕಿಜೋಫ್ರೇನಿಯಾಗೆ ಐದು ವರ್ಷದಿಂದ ಮಾತ್ರೆ. ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತಿವೆ. ಆದರೆ ಬೆಳಿಗ್ಗೆ ಒಂಬತ್ತಾದರೂ ಏಳುವುದಿಲ್ಲ, ಎದ್ದರೆ ತಲೆನೋವು, ಬಾಯಿ ಒಣಗಿರುತ್ತದೆ. ಜಗಲಿ ಮೇಲೆ ಕೂತಲ್ಲೇ ತೂಗಡಿಕೆ. ಹೇಳಿದ ಕೆಲಸ ಮರೆತುಬಿಡುತ್ತಾನೆ, ಕೇಳಿದರೆ ರೇಗುತ್ತಾನೆ. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಾನೆ. ಅಪ್ಪನ ಮಾತು: "ಸೋಮಾರಿ ಆಗವ್ನೆ. ತಿನ್ನಕ್ಕೆ ಬೇಕು, ಗೇಯಕ್ಕೆ ಬ್ಯಾಡ." ಅವ್ವನ ಮಾತು: "ಆ ಮಾತ್ರೆಯೇ ನನ್ನ ಮಗುನ್ನ ಹಿಂಗ್ ಮಾಡಿದ್ದು." ವೈದ್ಯರ ಹತ್ತಿರ ಹೋದಾಗ ಹೇಳುವುದು ಇಷ್ಟೇ: "ಮಂಕಾಗವ್ನೆ ಸಾರ್, ಯಾವುದ್ರಲ್ಲೂ ಆಸಕ್ತಿ ಇಲ್ಲ."

ಈಗ ಏನಾಗಬಹುದು ನೋಡಿ. ಮಂಕು, ನಿರಾಸಕ್ತಿ, ಮರೆವು ಇವು ಸ್ಕಿಜೋಫ್ರೇನಿಯಾದಲ್ಲೂ ಇವೆ, ಖಿನ್ನತೆಯಲ್ಲೂ ಇವೆ, ಉಸಿರುಕಟ್ಟಿನಲ್ಲೂ ಇವೆ. ಗೊರಕೆಯ ಮಾತೇ ಎತ್ತದಿದ್ದರೆ ವೈದ್ಯರು ಮಾನಸಿಕ ಕಾಯಿಲೆಯೇ ಪೂರ್ತಿ ಹೋಗಿಲ್ಲ ಎಂದು ಮಾತ್ರೆಯ ಪ್ರಮಾಣ ಹೆಚ್ಚಿಸಬಹುದು. ಪ್ರಮಾಣ ಹೆಚ್ಚಾದರೆ ತೂಕ ಹೆಚ್ಚು, ತೂಕ ಹೆಚ್ಚಾದರೆ ಉಸಿರುಕಟ್ಟು ಹೆಚ್ಚು. ಇನ್ನೊಂದು ಕಡೆ, ಮನೆಯವರು ಸಿಟ್ಟಿನಿಂದಲೋ ಕನಿಕರದಿಂದಲೋ ಮಾತ್ರೆಯನ್ನೇ ನಿಲ್ಲಿಸಿಬಿಟ್ಟರೆ ಒಂದೆರಡು ತಿಂಗಳಲ್ಲಿ ಹಳೇ ಕಾಯಿಲೆ ಮರುಕಳಿಸುತ್ತದೆ. ಎರಡು ದಾರಿಯಲ್ಲೂ ನಷ್ಟ ಆ ಮಗನಿಗೇ.

ರಾತ್ರಿ ಉಸಿರು ಕಟ್ಟಿ ದಿಗಿಲುಬಿದ್ದು ಎದ್ದು ಕೂತವರು "ಎದೆ ಮೇಲೆ ಯಾರೋ ಕೂತಿದ್ರು" ಅನ್ನುವುದೂ ಉಂಟು. ಕೇಳಿದವರು ಗಾಳಿ ಸೋಕಿದೆ ಅನ್ನುತ್ತಾರೆ, ಇಲ್ಲವೇ ಹುಚ್ಚು ಮತ್ತೆ ತಿರುಗಿತು ಅನ್ನುತ್ತಾರೆ. ನಂಜನಗೂಡಿಗೆ ಹರಕೆ ಹೊತ್ತವರು ಹೋಗಿ ತೀರಿಸಿ ಬರಲಿ, ಅದಕ್ಕೆ ಯಾರದೂ ಅಡ್ಡಿಯಿಲ್ಲ. ಅದೇ ಊರಿನಲ್ಲಿ ತಾಲ್ಲೂಕು ಆಸ್ಪತ್ರೆಯೂ ಇದೆ, ಅಲ್ಲಿಗೂ ಒಂದು ಹೆಜ್ಜೆ ಹಾಕಿ ಬನ್ನಿ.

ಪಕ್ಕದಲ್ಲಿ ಮಲಗುವವರೇ ಸಾಕ್ಷಿ

ಈ ಕಾಯಿಲೆಯಲ್ಲಿ ರೋಗಿಗೆ ತನ್ನ ರೋಗ ಗೊತ್ತಾಗುವುದಿಲ್ಲ. ಒಂದೇ ಕೋಣೆಯಲ್ಲಿ ಮಲಗುವ ಹೆಂಡತಿ, ಅವ್ವ, ತಮ್ಮ, ಇವರ ಮಾತೇ ವೈದ್ಯರಿಗೆ ಆಧಾರ. ಆದ್ದರಿಂದ ಎರಡು ಮೂರು ರಾತ್ರಿ ಅರ್ಧ ಗಂಟೆ ಎದ್ದು ಕೂತು ನೋಡಿ. ನಿದ್ದೆ ಚೆನ್ನಾಗಿ ಹತ್ತಿದ ಮೇಲೆ, ಅದರಲ್ಲೂ ಬೆಳಗಿನ ಜಾವ, ಹೆಚ್ಚು ಕಾಣುತ್ತದೆ. ಗೊರಕೆ ನಿಂತ ಕೂಡಲೇ ಒಂದು, ಎರಡು ಎಂದು ಮನಸ್ಸಿನಲ್ಲೇ ಎಣಿಸಿ, ಎಷ್ಟಕ್ಕೆ ಉಸಿರು ಮರಳಿತು, ಅರ್ಧ ಗಂಟೆಯಲ್ಲಿ ಎಷ್ಟು ಸಲ ಹಾಗಾಯಿತು ಎಂದು ಚೀಟಿಯಲ್ಲಿ ಬರೆದಿಡಿ. ಮೊಬೈಲಿನಲ್ಲಿ ಐದು ನಿಮಿಷದ ವಿಡಿಯೋ ತೆಗೆದರೆ ಇನ್ನೂ ಒಳ್ಳೆಯದು. ಆದರೆ ಒಂದು ಮಾತು: ಅನುಮಾನದ ಕಾಯಿಲೆ ಇರುವವರಿಗೆ ಕದ್ದು ವಿಡಿಯೋ ತೆಗೆದಿದ್ದು ಗೊತ್ತಾದರೆ ಅನುಮಾನ ಬೆಟ್ಟದಷ್ಟಾಗುತ್ತದೆ. "ನೀನು ಮಲಗಿದಾಗ ಉಸಿರು ಕಟ್ತದೆ ಕಣಪ್ಪಾ, ಡಾಕ್ಟ್ರಿಗೆ ತೋರ್ಸೋಕೆ ಬೇಕು, ತೆಗೀಲಾ?" ಎಂದು ಹಗಲಲ್ಲೇ ಕೇಳಿ ಒಪ್ಪಿಸಿ. ಒಪ್ಪದಿದ್ದರೆ ಬಿಡಿ, ಚೀಟಿಯೇ ಸಾಕು. ವಿಡಿಯೋವನ್ನು ವೈದ್ಯರಿಗಲ್ಲದೆ ಬೇರೆ ಯಾರಿಗೂ ಕಳಿಸಬೇಡಿ. ಊರಿನ ವಾಟ್ಸಾಪ್ ಗುಂಪಿನಲ್ಲಿ ನಗೆಪಾಟಲು ಮಾಡುವ ವಿಷಯ ಇದಲ್ಲ.

ದರ್ಜಿಯ ಟೇಪಿನಿಂದ ಕತ್ತಿನ ಸುತ್ತಳತೆ ತೆಗೆಯಿರಿ. ಗಂಡಸರಿಗೆ ಸುಮಾರು 17 ಇಂಚು, ಹೆಂಗಸರಿಗೆ 16 ಇಂಚು ಮುಟ್ಟಿದ್ದರೆ ಸಂಶಯ ಹೆಚ್ಚು. ಅದರ ಜೊತೆ ರಕ್ತದೊತ್ತಡ ಇದೆಯೇ, ವಯಸ್ಸು ಐವತ್ತು ದಾಟಿದೆಯೇ, ಹಗಲು ತೂಗಡಿಕೆ ಇದೆಯೇ ಎಂದು ವೈದ್ಯರು ಕೇಳುತ್ತಾರೆ. ಕತ್ತು ಸಣ್ಣಗಿದೆ ಎಂದು ಕಾಯಿಲೆ ಇಲ್ಲವೆಂದೂ ತಿಳಿಯಬೇಡಿ. ಗಲ್ಲ ಚಿಕ್ಕದಿರುವ ಸಣಕಲು ದೇಹದವರಿಗೂ ಬರುತ್ತದೆ.

ಹೆಂಗಸರ ವಿಷಯ ಬೇರೆಯೇ ಹೇಳಬೇಕು. ಅವರ ಗೊರಕೆ ಅಷ್ಟು ಜೋರಿರುವುದಿಲ್ಲ. ಸುಸ್ತು, ತಲೆನೋವು, ನಿದ್ದೆ ಬರುವುದಿಲ್ಲ, ಮನಸ್ಸಿಗೆ ಬೇಸರ ಎಂದು ಹೇಳಿಕೊಳ್ಳುತ್ತಾರೆ, ಅದೂ ಯಾರಾದರೂ ಕೇಳಿದರೆ. ಮುಟ್ಟು ನಿಂತ ಮೇಲೆ ಈ ಕಾಯಿಲೆ ಹೆಚ್ಚು. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವ ಐವತ್ತರ ಹೆಂಗಸು ಅಡುಗೆಮನೆಯ ಮೂಲೆಯಲ್ಲಿ ಒಬ್ಬಳೇ ಮಲಗುತ್ತಾಳೆ. ಅವಳ ಉಸಿರು ನಿಂತದ್ದನ್ನು ಎಣಿಸುವವರು ಯಾರು? ಗಂಡಸರ ಗೊರಕೆಗೆ ಮನೆಯೆಲ್ಲ ಸಾಕ್ಷಿ, ಅವಳದಕ್ಕೆ ಯಾರೂ ಇಲ್ಲ. ಸಂಘದ ಅಕ್ಕಂದಿರು ಇದನ್ನು ಗಮನಿಸಬೇಕು.

ಮಾತ್ರೆ ನಿಲ್ಲಿಸಬೇಡಿ, ಸೇರಿಸಲೂ ಬೇಡಿ

ಇದುವರೆಗೆ ಓದಿದವರಿಗೆ "ಹಾಗಾದರೆ ಆ ಮಾತ್ರೆ ಬಿಟ್ಟುಬಿಡೋಣ" ಅನ್ನಿಸಬಹುದು. ಬೇಡ. ಮಾನಸಿಕ ಕಾಯಿಲೆಯ ಮಾತ್ರೆಯನ್ನು ಮನೆಯವರು ತಾವಾಗಿ ನಿಲ್ಲಿಸಬಾರದು. ನಿದ್ದೆ ಮಾತ್ರೆಯನ್ನು ಬಹಳ ಕಾಲ ತೆಗೆದುಕೊಂಡವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವ ಅಪಾಯವೂ ಇದೆ. ವೈದ್ಯರಿಗೆ ಗೊರಕೆಯ ವಿಷಯ ಹೇಳಿದರೆ ಅವರು ನಿಧಾನವಾಗಿ ಪ್ರಮಾಣ ಇಳಿಸಬಹುದು, ತೂಕ ಅಷ್ಟು ಹೆಚ್ಚಿಸದ ಬೇರೆ ಮಾತ್ರೆಗೆ ಬದಲಾಯಿಸಬಹುದು, ತೂಕ ಇಳಿಸಲು ಬೇರೆ ಔಷಧಿ ಕೊಡಬಹುದು. ಆ ತೀರ್ಮಾನ ಅವರದು. ಹಾಗೆಯೇ ಅಂಗಡಿಯಿಂದ ನಿದ್ದೆ ಮಾತ್ರೆ ತಂದು ಸೇರಿಸುವುದೂ ಬೇಡ. ನೆಗಡಿ, ಕಡಿತ, ಕೆಮ್ಮಿಗೆ ಕೊಡುವ ಕೆಲವು ಔಷಧಿಗಳಿಂದಲೂ ಮಂಪರು ಬರುತ್ತದೆ. ಕೊಳ್ಳುವಾಗ "ಇವ್ರಿಗೆ ರಾತ್ರಿ ಉಸಿರು ಕಟ್ತದೆ, ಮಾನಸಿಕ ಕಾಯಿಲೆ ಮಾತ್ರೆ ನಡೀತಿದೆ" ಎಂದು ಹೇಳಿ ಕೇಳಿ.

ಬೀಡಿಯ ಬಗ್ಗೆ ಒಂದು ಸೂಕ್ಷ್ಮ ಇದೆ. ಬೀಡಿ ಬಿಡುವುದು ಒಳ್ಳೆಯದೇ. ಆದರೆ ಬೀಡಿಯ ಹೊಗೆ ಕ್ಲೋಜಪೈನ್, ಓಲಾಂಜಪೈನ್ ಮಾತ್ರೆಗಳನ್ನು ದೇಹ ಬೇಗ ಕರಗಿಸುವಂತೆ ಮಾಡುತ್ತದೆ. ದಿನಕ್ಕೆ ಎರಡು ಕಟ್ಟು ಸೇದುತ್ತಿದ್ದವರು ಒಮ್ಮೆಲೇ ಬಿಟ್ಟರೆ ಅದೇ ಪ್ರಮಾಣದ ಮಾತ್ರೆ ರಕ್ತದಲ್ಲಿ ಹೆಚ್ಚಾಗಿ ನಿಂತು ಮಂಪರು ಜಾಸ್ತಿಯಾಗುತ್ತದೆ. ಆದ್ದರಿಂದ ಬಿಡುವ ಮುಂಚೆಯೇ ವೈದ್ಯರಿಗೆ ತಿಳಿಸಿ. ಆಪರೇಷನ್ನು ಅಥವಾ ಕರೆಂಟು ಚಿಕಿತ್ಸೆಗೆ ಅರಿವಳಿಕೆ ಕೊಡುವ ಸಂದರ್ಭ ಬಂದರೂ ಗೊರಕೆ, ಉಸಿರುಕಟ್ಟಿನ ವಿಷಯವನ್ನು ಮೊದಲೇ ಹೇಳಲೇಬೇಕು.

ಎಲ್ಲಿಗೆ ಹೋಗಬೇಕು?

ಮಾನಸಿಕ ಆರೋಗ್ಯದ ವಿಷಯದಲ್ಲಿ ಕರ್ನಾಟಕ ಬೇರೆ ರಾಜ್ಯಗಳಿಗೆ ದಾರಿ ತೋರಿಸಿದೆ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಶುರುಮಾಡಿದ ಪ್ರಯೋಗವೇ ಮುಂದೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆಮೇಲೆ ನಮ್ಮ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ಏರ್ಪಾಡಾಯಿತು. ಮೂಗೂರು ಕಡೆಯವರಿಗೆ ಟಿ. ನರಸೀಪುರದ ತಾಲ್ಲೂಕು ಆಸ್ಪತ್ರೆ ಹತ್ತಿರ. ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಮೊದಲೇ ಕೇಳಿಕೊಂಡು ಹೊರಡಿ, ಸುಮ್ಮನೆ ಬಸ್ ಚಾರ್ಜು, ಒಂದು ದಿನದ ಕೂಲಿ ಕಳೆದುಕೊಳ್ಳಬೇಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಸಲಹೆ ಸಿಗುತ್ತದೆ.

ಹೋಗುವಾಗ ಹಳೇ ಚೀಟಿಗಳೆಲ್ಲ, ಈಗ ನುಂಗುತ್ತಿರುವ ಮಾತ್ರೆಯ ಪಟ್ಟಿ, ನೀವು ಎಣಿಸಿ ಬರೆದ ಲೆಕ್ಕ ಜೊತೆಗಿರಲಿ. ಮನೋವೈದ್ಯರ ಮುಂದೆ ಕೂತಾಗ "ಮಂಕು" ಎಂದಷ್ಟೇ ಹೇಳಬೇಡಿ. "ನಿದ್ದೇಲಿ ಉಸಿರು ನಿಲ್ತದೆ, ಹದಿನೈದು ಎಣಿಸೋವಷ್ಟು ಹೊತ್ತು, ಅರ್ಧ ಗಂಟೇಲಿ ಎಂಟು ಸಲ" ಎಂದು ಬಿಡಿಸಿ ಹೇಳಿ. ಅವರು ಶ್ವಾಸಕೋಶದ ವೈದ್ಯರಿಗೋ ಕಿವಿ ಮೂಗು ಗಂಟಲಿನ ವೈದ್ಯರಿಗೋ ಚೀಟಿ ಬರೆದುಕೊಡುತ್ತಾರೆ. ಆ ವಿಭಾಗಗಳು ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗಳಲ್ಲಿವೆ. ನಿದ್ದೆಯನ್ನು ಪರೀಕ್ಷಿಸುವ ಪ್ರಯೋಗಾಲಯ ನಿಮ್ಹಾನ್ಸ್‌ನಲ್ಲೂ ಇದೆ. ಖರ್ಚು ಎಷ್ಟು, ಕಾರ್ಡಿನಲ್ಲಿ ರಿಯಾಯಿತಿ ಇದೆಯೇ ಎಂಬುದನ್ನು ಪರೀಕ್ಷೆಗೆ ಮುಂಚೆಯೇ ವಿಚಾರಿಸಿ.

ಕೆಲವು ಕಡೆ ಮಾನಸಿಕ ಕಾಯಿಲೆಯ ಚೀಟಿ ನೋಡಿದ ಕೂಡಲೇ "ಇದು ನಿಮ್ಮ ಹಳೇ ಕಾಯಿಲೆದೇ, ಅಲ್ಲೇ ತೋರ್ಸಿ" ಎಂದು ಹಿಂದಕ್ಕೆ ಕಳಿಸುವುದುಂಟು. ಸುಮ್ಮನೆ ತಲೆ ತಗ್ಗಿಸಿ ಬರಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಮಾನಸಿಕ ಕಾಯಿಲೆ ಇರುವವರನ್ನು ಚಿಕಿತ್ಸೆಯ ವಿಷಯದಲ್ಲಿ ದೇಹದ ಕಾಯಿಲೆ ಇರುವವರಿಗೆ ಸಮನಾಗಿ ಕಾಣಬೇಕು ಎಂದು ಅದು ಹೇಳುತ್ತದೆ. ಎದೆನೋವು ಎಂದು ಬಂದವರನ್ನು ನೋಡುವ ಹಾಗೆಯೇ ಇವರನ್ನೂ ನೋಡಬೇಕು.

ಪರೀಕ್ಷೆ ನೋವಿನದಲ್ಲ. ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಬೇಕು. ತಲೆಗೆ, ಎದೆಗೆ, ಕಾಲಿಗೆ ತಂತಿ ಅಂಟಿಸುತ್ತಾರೆ, ಬೆರಳಿಗೆ ಕ್ಲಿಪ್ಪು, ಮೂಗಿನ ಹತ್ತಿರ ಒಂದು ಸಣ್ಣ ನಳಿಕೆ. ಮನೆಗೇ ಕೊಟ್ಟು ಕಳಿಸುವ ಚಿಕ್ಕ ಯಂತ್ರವೂ ಉಂಟು. ತೊಂದರೆ ಇರುವುದು ಬೇರೆ ಕಡೆ. "ನನ್ನ ತಲೆಗೆ ಯಾರೋ ತಂತಿ ಹಾಕಿ ಯೋಚನೆ ಕದೀತಾರೆ" ಎಂಬ ಭ್ರಮೆಯಿಂದ ನರಳಿದವರಿಗೆ ನಿಜವಾಗಿಯೂ ತಲೆಗೆ ತಂತಿ ಹಾಕಿದರೆ ಹೇಗಾಗಬೇಡ? ಕಾಯಿಲೆ ಹತೋಟಿಯಲ್ಲಿರುವಾಗಲೇ ಪರೀಕ್ಷೆ ಮಾಡಿಸಿ. ತಂತಿ ಒಳಕ್ಕೆ ಏನನ್ನೂ ಕಳಿಸುವುದಿಲ್ಲ, ಇಸಿಜಿ ಹಾಗೆ ಬರೆದುಕೊಳ್ಳುತ್ತದೆ ಅಷ್ಟೇ ಎಂದು ಮೊದಲೇ ತಿಳಿಸಿ. ಆಸ್ಪತ್ರೆಯವರು ಒಪ್ಪಿದರೆ ಮನೆಯ ಒಬ್ಬರು ಪಕ್ಕದಲ್ಲೇ ಇರಿ.

ಗಾಳಿ ಕೊಡುವ ಯಂತ್ರ

ಮಧ್ಯಮ, ತೀವ್ರ ಉಸಿರುಕಟ್ಟಿಗೆ ಮುಖ್ಯ ಚಿಕಿತ್ಸೆ ಸಿ-ಪ್ಯಾಪ್ ಎಂಬ ಯಂತ್ರ. ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯ ಕಾಲಿನ್ ಸಲಿವಾನ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ವೈದ್ಯಲೋಕಕ್ಕೆ ತಿಳಿಸಿದರು. ಅದಕ್ಕೆ ಮುಂಚೆ ತೀವ್ರ ಕಾಯಿಲೆ ಇದ್ದವರಿಗೆ ಕತ್ತಿನಲ್ಲಿ ತೂತು ಮಾಡಿ ಉಸಿರಿಗೆ ದಾರಿ ಮಾಡಬೇಕಾಗಿತ್ತು. ಯಂತ್ರದ ಕೆಲಸ ಸುಲಭ. ಮೋಟಾರಿನಿಂದ ಹೊಲಕ್ಕೆ ನೀರು ತಳ್ಳುವ ಕಡೆಗೆ ಮೆತ್ತನೆ ಪೈಪು ಹಾಕಿದರೂ ಅದು ಗುಂಡಗೆ ಉಬ್ಬಿಕೊಂಡೇ ಇರುತ್ತದಲ್ಲ, ಹಾಗೆಯೇ ಮೂಗಿಗೆ ಹಾಕಿದ ಮಾಸ್ಕಿನಿಂದ ಒತ್ತಡದ ಗಾಳಿ ಒಳಹೋಗಿ ಗಂಟಲನ್ನು ಮುಚ್ಚದಂತೆ ಹಿಡಿದಿಡುತ್ತದೆ. ಅದು ಆಮ್ಲಜನಕದ ಸಿಲಿಂಡರ್ ಅಲ್ಲ, ನಮ್ಮ ಕೋಣೆಯ ಗಾಳಿಯೇ.

ಮಾನಸಿಕ ಕಾಯಿಲೆ ಇರುವವರು ಇಂಥ ಯಂತ್ರ ಹಾಕಿಕೊಳ್ಳಲಾರರು ಎಂದು ಮೊದಲೇ ತೀರ್ಮಾನಿಸುವುದು ತಪ್ಪು. ಹಾಕಿಕೊಂಡು ಚೇತರಿಸಿಕೊಂಡವರಿದ್ದಾರೆ. ಆದರೆ ಒಮ್ಮೆಲೇ ರಾತ್ರಿ ಮುಖಕ್ಕೆ ಕಟ್ಟಿ ಮಲಗು ಅನ್ನಬಾರದು. ಮೊದಲ ವಾರ ಯಂತ್ರ ಆಫ್ ಇಟ್ಟು ಮಾಸ್ಕನ್ನು ಅವರ ಕೈಗೇ ಕೊಡಿ, ನೋಡಲಿ, ಮುಖಕ್ಕೆ ಹಿಡಿದುಕೊಳ್ಳಲಿ, ತಾವೇ ತೆಗೆಯಲಿ. ಆಮೇಲೆ ಸಂಜೆ ಟಿವಿ ನೋಡುವಾಗ ಅರ್ಧ ಗಂಟೆ ಗಾಳಿ ಬಿಟ್ಟು ಕೂರಲಿ. ಆಮೇಲೆ ಹಗಲು ಮಲಗುವಾಗ. ಆಮೇಲೆ ರಾತ್ರಿ. ಬಾಯಿ ಮೂಗು ಎರಡೂ ಮುಚ್ಚುವ ದೊಡ್ಡ ಮಾಸ್ಕಿಗಿಂತ ಮೂಗಿಗೆ ಮಾತ್ರ ಹಾಕುವುದು ಎಷ್ಟೋ ಜನಕ್ಕೆ ಕಡಿಮೆ ಭಯ. ಯಂತ್ರವೊಂದು ಮಾತಾಡುತ್ತಿದೆ, ವಿಷದ ಗಾಳಿ ಬಿಡುತ್ತಿದೆ ಎಂದು ಹೇಳಿದರೆ ವಾದಕ್ಕೆ ಇಳಿಯಬೇಡಿ, ಆ ದಿನ ತೆಗೆದಿಟ್ಟು ಮನೋವೈದ್ಯರಿಗೆ ತಿಳಿಸಿ. ಬೈಪೋಲಾರ್ ಕಾಯಿಲೆಯವರು ಯಂತ್ರ ಶುರುಮಾಡಿದ ಮೇಲೆ ವಿಪರೀತ ಹುರುಪು, ಮಾತು, ಮೂರು ಗಂಟೆ ನಿದ್ದೆಯೇ ಸಾಕು ಅನ್ನುವುದು ಕಂಡರೂ ತಡ ಮಾಡದೆ ತಿಳಿಸಬೇಕು.

ಪ್ರತಿ ರಾತ್ರಿ ಪೂರ್ತಿ ಹಾಕಿಕೊಂಡರೆ ಉತ್ತಮ. ರಾತ್ರಿಗೆ ಕನಿಷ್ಠ ನಾಲ್ಕು ಗಂಟೆ, ಹತ್ತರಲ್ಲಿ ಏಳು ರಾತ್ರಿಯಾದರೂ ಬಳಸಬೇಕು ಎಂದು ವೈದ್ಯರು ಲೆಕ್ಕ ಇಡುತ್ತಾರೆ. ಮಾಸ್ಕನ್ನು ದಿನಾ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ನೀರಿನ ಡಬ್ಬಿ ಇರುವ ಯಂತ್ರಕ್ಕೆ ಬೋರ್‌ವೆಲ್ಲಿನ ಗಡಸು ನೀರು ಹಾಕಬೇಡಿ, ಬಿಳಿ ಪೊರೆ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಸರಿ. ಮಧ್ಯರಾತ್ರಿ ಕರೆಂಟು ಹೋದರೆ ಉಸಿರುಗಟ್ಟಿ ಹೋಗುತ್ತೇನೋ ಎಂಬ ಭಯ ಎಲ್ಲರಿಗೂ ಇದೆ. ಮಾಸ್ಕಿನಲ್ಲಿ ಗಾಳಿ ಹೋಗಿ ಬರಲು ತೂತುಗಳಿವೆ, ಎಚ್ಚರವಾದಾಗ ತೆಗೆದಿಟ್ಟು ಮಗ್ಗುಲಾಗಿ ಮಲಗಿದರಾಯಿತು.

ಇದರ ಬೆಲೆ ಹತ್ತಾರು ಸಾವಿರ ರೂಪಾಯಿ. ಕೂಲಿ ಮಾಡುವ ಮನೆಗೆ ಇದು ಸಣ್ಣ ಮಾತಲ್ಲ, ಇದನ್ನು ಮುಚ್ಚಿಟ್ಟು ಪಾಠ ಹೇಳುವುದೂ ಸರಿಯಲ್ಲ. ಕೊಳ್ಳುವ ಮುಂಚೆ ಬಾಡಿಗೆಗೆ ಸಿಗುತ್ತದೆಯೇ ಕೇಳಿ, ಒಗ್ಗುತ್ತದೆಯೋ ಇಲ್ಲವೋ ಒಂದು ತಿಂಗಳಲ್ಲಿ ಗೊತ್ತಾಗುತ್ತದೆ.

ದುಡ್ಡಿಲ್ಲದೆ ಆಗುವ ಕೆಲಸಗಳು

ಸೌಮ್ಯ ಕಾಯಿಲೆಯವರಿಗೆ ಇವೇ ಬಹಳ ಸಹಾಯ, ಉಳಿದವರಿಗೂ ಯಂತ್ರದ ಜೊತೆ ಇವು ಬೇಕು. ಅಂಗಾತ ಮಲಗದೆ ಮಗ್ಗುಲಿಗೆ ಮಲಗುವುದು ಮೊದಲನೆಯದು. ನಿದ್ದೆಯಲ್ಲಿ ಅಂಗಾತ ಆಗಿಬಿಡುತ್ತಾರೆ ಎಂದರೆ ಬನಿಯನ್ನಿನ ಬೆನ್ನಿಗೆ ಒಂದು ಜೇಬು ಹೊಲಿದು ಅದರಲ್ಲಿ ರಬ್ಬರ್ ಚೆಂಡು ಇಡಿ, ಒತ್ತಿದಾಗ ತಾವೇ ಹೊರಳುತ್ತಾರೆ. ಕ್ಲೋಜಪೈನ್ ತೆಗೆದುಕೊಳ್ಳುವವರಿಗೆ ರಾತ್ರಿ ಜೊಲ್ಲು ಸುರಿಯುತ್ತದೆ, ಅವರಿಗೂ ಮಗ್ಗುಲೇ ಒಳ್ಳೆಯದು. ಮಂಚದ ತಲೆ ಕಡೆಯ ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ ಕೊಟ್ಟು ಎತ್ತರಿಸಬಹುದು.

ತೂಕದ ಬಗ್ಗೆ: ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವರ್ಷಗಟ್ಟಲೆ ಜನರನ್ನು ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ತೂಕದಲ್ಲಿ ನೂರಕ್ಕೆ ಹತ್ತು ಭಾಗ ಇಳಿದರೆ ಉಸಿರುಕಟ್ಟು ನೂರಕ್ಕೆ 26ರಷ್ಟು ಕಡಿಮೆಯಾಗುತ್ತದೆ. ಎಂಬತ್ತು ಕೆ.ಜಿ. ಇರುವವರು ಎಂಟು ಕೆ.ಜಿ. ಇಳಿಸಬೇಕು, ಅಷ್ಟೇ. ಊಟ ಕಿತ್ತುಕೊಂಡು, ತಿನ್ನುವಾಗ ಹಂಗಿಸಿ ಇದು ಆಗುವುದಿಲ್ಲ. ಆ ಹಸಿವು ಮಾತ್ರೆಯದು, ಅವರ ಆಸೆಬುರುಕುತನ ಅಲ್ಲ. ಮುದ್ದೆಯನ್ನು ಸ್ವಲ್ಪ ಚಿಕ್ಕದು ಮಾಡಿ, ಬಸ್ಸಾರು, ಸೊಪ್ಪು, ಹುರುಳಿ ಸಾರು ಹೆಚ್ಚು ಬಡಿಸಿ. ದಿನಕ್ಕೆ ಐದಾರು ಸಲ ಸಕ್ಕರೆ ಹಾಕಿದ ಟೀ, ಬೇಕರಿ ಬನ್ನು, ಬೋಂಡಾ ಕಡಿಮೆ ಮಾಡಿ. ಇದನ್ನು ಇಡೀ ಮನೆಯೇ ಮಾಡಿದರೆ ನಡೆಯುತ್ತದೆ, ಅವರೊಬ್ಬರ ತಟ್ಟೆಗೆ ಮಾತ್ರ ಕತ್ತರಿ ಹಾಕಿದರೆ ಕದ್ದು ತಿನ್ನುತ್ತಾರೆ. ಸಂಜೆ ನಾಲೆ ಏರಿ ಮೇಲೆ ಅರ್ಧ ಗಂಟೆ ಜೊತೆಯಲ್ಲೇ ನಡೆಯಿರಿ.

ಮಲಗುವ ಹೊತ್ತು, ಏಳುವ ಹೊತ್ತು ಒಂದೇ ಇರಲಿ. ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಸೊಪ್ಪು ಹಾಕುವ ಕೆಲಸ ರಾತ್ರಿಗೂ ಬೀಳುತ್ತದೆ. ಆ ಪಾಳಿಯನ್ನು ಇವರಿಗೆ ಹಚ್ಚಬೇಡಿ, ಹಗಲಿನ ಕೆಲಸ ಕೊಡಿ. ತೂಗಡಿಕೆ ಹತೋಟಿಗೆ ಬರುವ ತನಕ ಬೈಕು, ಟ್ರ್ಯಾಕ್ಟರ್ ಓಡಿಸುವುದು, ಮೇವು ಕತ್ತರಿಸುವ ಯಂತ್ರಕ್ಕೆ ಕೈಯಿಡುವುದು ಬೇಡವೇ ಬೇಡ.

ಮುಂದಿನ ಸಭೆಗೆ

ಪಾಲಕರ ಸಭೆಗೆ ಬರುವ ಮುಂಚೆ ಪ್ರತಿ ಮನೆಯವರೂ ಎರಡು ರಾತ್ರಿ ಎಣಿಸಿದ ಲೆಕ್ಕ, ಕತ್ತಿನ ಸುತ್ತಳತೆ, ಈಗ ನಡೆಯುತ್ತಿರುವ ಮಾತ್ರೆಗಳ ಹೆಸರು ಬರೆದುಕೊಂಡು ಬನ್ನಿ. ಓದು ಬಾರದವರಿಗೆ ಹೈಸ್ಕೂಲಿಗೆ ಹೋಗುವ ಮಕ್ಕಳು ಬರೆದುಕೊಡಲಿ. ಕಾಯಿಲೆ ಇರುವವರೂ ಸಭೆಗೆ ಬಂದಿದ್ದರೆ ಮೊದಲು ಅವರನ್ನೇ ಕೇಳಿ: ಬೆಳಿಗ್ಗೆ ಎದ್ದಾಗ ಹೇಗಿರುತ್ತದೆ, ತಲೆ ನೋಯುತ್ತದೆಯೇ, ಯಾವ ಹೊತ್ತಿನಲ್ಲಿ ತೂಗಡಿಕೆ ಬರುತ್ತದೆ ಎಂದು. ಒಬ್ಬೊಬ್ಬರ ಲೆಕ್ಕ ನೋಡಿ ಯಾರು ಯಾರು ಮಂಗಳವಾರ ಆಸ್ಪತ್ರೆಗೆ ಹೋಗಬೇಕು, ಒಂಟಿಯಾಗಿರುವವರ ಜೊತೆ ಯಾರು ಹೋಗುತ್ತಾರೆ ಎಂಬುದನ್ನು ಅಲ್ಲೇ ತೀರ್ಮಾನಿಸಿ ಸಂಘದ ಪುಸ್ತಕದಲ್ಲಿ ಬರೆದುಕೊಳ್ಳಿ.